ರಾತ್ರಿ ಒಂಬತ್ತೂವರೆಗೆ ಬರುವ ಈ ಪರಿಮಳ ಯಾವುದು? (ಜೊತೆಗೆ: ಮಳೆ ಬಿಟ್ಟ ಮೇಲೆ ನಿಮಗೆ ಸಿಕ್ಕ ಸಣ್ಣ ಖುಷಿಗಳು)

ಬಯಲುಸೀಮೆ_ಹುಡುಗ
ಅಕ್ಟೋಬರ್ 7, ರಾತ್ರಿ 11:10

ನನ್ನೂರು ಚಿತ್ರದುರ್ಗದ ಹತ್ತಿರ. ಎಂ.ಕಾಂ. ಓದಲು ಜುಲೈಯಲ್ಲಿ ಮಂಗಳೂರಿಗೆ ಬಂದೆ. ನಮ್ಮಲ್ಲಿ ಇಡೀ ವರ್ಷ ಬೀಳುವ ಮಳೆಗಿಂತ ಜಾಸ್ತಿ ಇಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಬೆಲ್ಟಿಗೆ ಬೂಸ್ಟು ಹಿಡಿಯಿತು. ಮಾರ್ಕ್ಸ್ ಕಾರ್ಡಿನ ಅಂಚು ಸುರುಳಿ ಸುತ್ತಿಕೊಂಡಿತು. ಎರಡು ತಿಂಗಳು ಹಸಿ ಸಾಕ್ಸ್ ಹಾಕಿಕೊಂಡೇ ಕ್ಲಾಸಿಗೆ ಹೋದೆ. ಆಗಸ್ಟ್‌ನಲ್ಲಿ ಒಂದು ದಿನ ಪೀಜಿಯ ಆಂಟಿ ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಖಾಲಿ ಹೊಟ್ಟೆಗೆ ಒಂದು ಲೋಟ ಕಷಾಯ ಕುಡಿಸಿದರು. ಆ ಕಹಿ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಅವತ್ತು ಊರಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

ಕಳೆದ ವಾರ ಬಿಸಿಲು ಬಂತು. ಟೆರೇಸಿನ ಹಗ್ಗದ ಮೇಲೆ ಹಾಕಿದ್ದ ಟವೆಲ್ ಸಂಜೆ ತೆಗೆದಾಗ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ನಗಬೇಡಿ, ಅದನ್ನು ಮುಖಕ್ಕೆ ಒತ್ತಿಕೊಂಡು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಈಗ ವಿಷಯ. ಪೀಜಿ ಇರುವುದು ಕದ್ರಿ ಗುಡ್ಡದ ಕೆಳಗೆ. ಲೈಬ್ರರಿ ಮುಗಿಸಿ ರಾತ್ರಿ ಒಂಬತ್ತೂವರೆಗೆ ನಡೆದು ಬರುವಾಗ ಒಂದು ತಿರುವಿನಲ್ಲಿ ಪರಿಮಳ ಬಂದು ಮುಖಕ್ಕೆ ಹೊಡೆಯುತ್ತದೆ. ಮಲ್ಲಿಗೆ ಅಲ್ಲ, ಸಂಪಿಗೆಯೂ ಅಲ್ಲ. ಏಲಕ್ಕಿ ಜಾಸ್ತಿಯಾದ ಪಾಯಸದ ಹಾಗೆ, ಸ್ವಲ್ಪ ಕಾಟು. ಹತ್ತು ಹೆಜ್ಜೆ ಮುಂದೆ ಹೋದರೆ ಇನ್ನೂ ಜೋರು, ಮತ್ತೆ ಹತ್ತು ಹೆಜ್ಜೆಗೆ ಮಾಯ. ಬೆಳಗ್ಗೆ ಅದೇ ತಿರುವಿನಲ್ಲಿ ಮೂಗು ಅರಳಿಸಿ ನಿಂತರೆ ಏನೂ ಇಲ್ಲ. ಒಬ್ಬರು ಹಾಲು ತರಲು ಹೊರಟವರು ನನ್ನನ್ನು ವಿಚಿತ್ರವಾಗಿ ನೋಡಿಕೊಂಡು ಹೋದರು. ಇದು ಯಾವುದು ಅಂತ ಯಾರಿಗಾದರೂ ಗೊತ್ತಾ?

ಹಾಗೆಯೇ, ಈ ಎರಡು ಮೂರು ತಿಂಗಳಲ್ಲಿ ನಿಮಗೆ ಸಿಕ್ಕ ಇಂಥ ಸಣ್ಣಪುಟ್ಟ ಸಂಗತಿ ಇದ್ದರೆ ಬರೆಯಿರಿ. ಓದಬೇಕಾದ ಕಾಸ್ಟಿಂಗ್ ಪುಸ್ತಕ ಎದುರಿಗಿದೆ. ಓದಲು ಬೇರೆ ಏನಾದರೂ ಬೇಕು.

ಕುಡ್ಲದ_ಬೂತಾಯಿ
ಅಕ್ಟೋಬರ್ 7, ರಾತ್ರಿ 11:25

ಯಾವುದೋ ಊದುಬತ್ತಿ ಗೋಡೌನ್ ಇರಬೇಕು ಮಾರಾಯ.

ನನ್ನ ಖುಷಿ ಕೇಳಿದರೆ ಒಂದೇ ಮಾತು: ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಒಣಮೀನಿನ ಚಟ್ನಿಯಲ್ಲೇ ದಿನ ದೂಡಿದವನಿಗೆ ಈಗಿನ ತಾಜಾ ಬಂಗುಡೆ ಪುಳಿಮುಂಚಿ ಅಂದರೆ ಏನು ಅಂತ ಬಯಲುಸೀಮೆಯವರಿಗೆ ಹೇಗೆ ಹೇಳುವುದು?

ಹಂಚಿನಮನೆ
ಅಕ್ಟೋಬರ್ 8, ಬೆಳಗ್ಗೆ 7:40

ಪರಿಮಳ ರಾತ್ರಿರಾಣಿಯದ್ದು ಇರಬಹುದು. ಯಾರದಾದರೂ ಕಂಪೌಂಡಿನೊಳಗೆ ಇಣುಕಿ ನೋಡಿ. ನಾಯಿ ಇದ್ದರೆ ನಾನು ಹೇಳಿದ್ದಲ್ಲ.

ನನ್ನದೂ ಒಂದು ಉಂಟು. ನಾವು ನಾಲ್ಕು ಜನ ಹುಡುಗರು ಜೆಪ್ಪು ಕಡೆ ಹಳೆಯ ಹಂಚಿನ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಮೊನ್ನೆ ಸಂಜೆ ಗುಡುಗು ಗಾಳಿಗೆ ತೆಂಗಿನ ಮಡಲು ಬಿದ್ದು ಎರಡು ಹಂಚು ಒಡೆಯಿತು. ನೀರು ನೇರ ನನ್ನ ಹಾಸಿಗೆಯ ಮೇಲೆ. ಯಜಮಾನರು ಏಣಿ ತಂದು ನನ್ನನ್ನೇ ಹತ್ತಿಸಿದರು. ಒಡೆದ ಹಂಚಿನ ತುಂಡು ಕೈಗೆ ಬಂತು. ಮಗುಚಿ ನೋಡಿದರೆ ಒಳಮೈಯಲ್ಲಿ ಉಬ್ಬು ಅಕ್ಷರ. ಪಾಚಿ ಉಜ್ಜಿ ಓದಿದೆ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865.

1865! ಅಂದರೆ ನೂರೈವತ್ತು ವರ್ಷಕ್ಕೂ ಹಳೆಯ ಹಂಚಿನ ಕೆಳಗೆ ನಾನು ಮ್ಯಾಗಿ ತಿನ್ನುತ್ತಾ ಕೂತಿದ್ದೇನೆ! ತುಂಡನ್ನು ತೊಳೆದು ಮೇಜಿನ ಮೇಲೆ ಇಟ್ಟಿದ್ದೇನೆ.

ಬಲ್ಮಠದ_ಮೇಷ್ಟ್ರು
ಅಕ್ಟೋಬರ್ 8, ಬೆಳಗ್ಗೆ 9:05

ಹಂಚಿನಮನೆಯವರೇ, ಬೇಸರ ಮಾಡಿಕೊಳ್ಳಬೇಡಿ. 1865 ಅಂದರೆ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಮುಂದೆ ಎಷ್ಟೋ ವರ್ಷ ತಯಾರಾದ ಹಂಚುಗಳ ಮೇಲೂ ಅದೇ ಅಚ್ಚು ಬೀಳುತ್ತಿತ್ತು. ನಿಮ್ಮ ಹಂಚು ಅಷ್ಟು ಹಳೆಯದು ಇರಲೂಬಹುದು, ಅದಕ್ಕಿಂತ ಐವತ್ತು ವರ್ಷ ಚಿಕ್ಕದೂ ಇರಬಹುದು. ಬರೀ ಅಚ್ಚು ನೋಡಿ ಹೇಳಲು ಬರುವುದಿಲ್ಲ.

ಆದರೂ ತುಂಡನ್ನು ಬಿಸಾಡಬೇಡಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣಿನಿಂದ ಶುರು ಮಾಡಿದ ಕೆಲಸ ಅದು. ಒಂದು ಹಂಚಿನ ಅಂಚು ಪಕ್ಕದ ಹಂಚಿನ ಅಂಚಿಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಅದರ ಜಾಣತನ. ಅದೇ ಮಿಶನ್ನಿನವರು ಇದೇ ಊರಿನಲ್ಲಿ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕನ್ನಡದ ಮೊದಲ ಪತ್ರಿಕೆ. ಅಚ್ಚು ಮೊಳೆಯಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ.

ಹಂಚಿನಮನೆ
ಅಕ್ಟೋಬರ್ 8, ಬೆಳಗ್ಗೆ 9:20

ಐವತ್ತು ವರ್ಷ ಒಂದೇ ಏಟಿಗೆ ಕಡಿಮೆ ಮಾಡಿಬಿಟ್ಟಿರಲ್ಲ ಸರ್. ಪರವಾಗಿಲ್ಲ. ಮ್ಯಾಗಿಗೆ ರುಚಿ ಕಡಿಮೆಯಾಗಿಲ್ಲ.

ಫುಟ್‌ಬೋರ್ಡ್
ಅಕ್ಟೋಬರ್ 8, ಮಧ್ಯಾಹ್ನ 1:15

ನಾನು ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ದಿನಾ ಬಸ್ಸಿನಲ್ಲಿ ಬರುವವಳು. ಮಳೆಗಾಲದಲ್ಲಿ ಶಟರ್ ಎಲ್ಲ ಇಳಿಸಿ ಬಸ್ಸಿನೊಳಗೆ ಒದ್ದೆ ಕೊಡೆ, ಕತ್ತಲೆ, ಉಸಿರು. ಈಗ ಶಟರ್ ಮೇಲೆ ಹೋಗಿದೆ. ಕೂಳೂರು ಸೇತುವೆ ಬಂದಾಗ ಕಿಟಕಿಯಿಂದ ಹೊಳೆ ಕಾಣುತ್ತದೆ. ಅಷ್ಟೇ. ಒಂದು ನಿಮಿಷವೂ ಇಲ್ಲ. ಆದರೆ ಆಗ ಫೋನ್ ನೋಡುತ್ತಿದ್ದವರೆಲ್ಲ ಒಮ್ಮೆ ತಲೆ ಎತ್ತುತ್ತಾರೆ, ನಾನು ಲೆಕ್ಕ ಹಾಕಿದ್ದೇನೆ.

ಇನ್ನೊಂದು. ನಮ್ಮ ಕಂಡಕ್ಟರಣ್ಣ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಹತ್ತರದ್ದು ಒಂದು ಸಂದಿ, ಇಪ್ಪತ್ತರದ್ದು ಇನ್ನೊಂದು, ಐವತ್ತು, ನೂರು ಬೇರೆ. ನೋಡದೆಯೇ ಚಿಲ್ಲರೆ ಕೊಡುತ್ತಾರೆ. "ಅಣ್ಣಾ, ತಪ್ಪಿ ಹೋಗುವುದಿಲ್ವಾ?" ಅಂತ ಕೇಳಿದೆ. "ನೋಡಿದರೆ ತಪ್ಪುತ್ತದೆ" ಅಂದರು. ನಾನು ಎಂಬಿಎ ಓದುತ್ತಿದ್ದೇನೆ, ಈ ಮಾತು ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಕುಡ್ಲದ_ಬೂತಾಯಿ
ಅಕ್ಟೋಬರ್ 8, ಮಧ್ಯಾಹ್ನ 1:22

ಕಂಡಕ್ಟರಣ್ಣನ "ಪೋಯಿ ಪೋಯಿ" ಮರೆತಿರಿ. ಬಯಲುಸೀಮೆಯವರೇ, ಮೊದಲ ದಿನ ನಿಮಗೆ ಅರ್ಥ ಆಯ್ತಾ?

ಬಯಲುಸೀಮೆ_ಹುಡುಗ
ಅಕ್ಟೋಬರ್ 8, ಮಧ್ಯಾಹ್ನ 1:50

ಇಲ್ಲ. ನನಗೆ ಇಳಿದು ಹೋಗು ಅನ್ನುತ್ತಿದ್ದಾರೆ ಅಂದುಕೊಂಡು ಜ್ಯೋತಿ ಸ್ಟಾಪಿನಲ್ಲಿ ಇಳಿಯಬೇಕಾದವನು ಬಲ್ಮಠದಲ್ಲೇ ಇಳಿದುಬಿಟ್ಟೆ. ಅದು ತುಳುವಿನಲ್ಲಿ "ಹೋಗೋಣ" ಅಂತ ಡ್ರೈವರಿಗೆ ಹೇಳುವುದು ಅಂತ ವಾರದ ಮೇಲೆ ಗೊತ್ತಾಯಿತು.

ರಾತ್ರಿರಾಣಿ ಅಲ್ಲ, ನಿನ್ನೆಯೇ ನೋಡಿದ್ದೆ. ಆ ತಿರುವಿನಲ್ಲಿ ಕಂಪೌಂಡೇ ಇಲ್ಲ, ಬರೀ ಗುಡ್ಡ. ಕತ್ತಲೆ ಬೇರೆ.

ಬಾಟನಿ_ಅಕ್ಕ
ಅಕ್ಟೋಬರ್ 8, ರಾತ್ರಿ 8:30

ತಮ್ಮಾ, ಎಲ್ಲರೂ ನೆಲದ ಮಟ್ಟದಲ್ಲೇ ಹುಡುಕುತ್ತಿದ್ದೀರಿ. ತಲೆ ಎತ್ತಿ ನೋಡು. ನಾಳೆ ಹಗಲು ಹೊತ್ತು ಹೋಗಿ ಮೂರು ವಿಷಯ ಹೇಳು. ಒಂದು, ಅಲ್ಲಿ ಎತ್ತರದ ಮರ ಉಂಟಾ, ಕೊಂಬೆಗಳು ಅಂತಸ್ತು ಅಂತಸ್ತಾಗಿ ಹೊರಟಿವೆಯಾ? ಎರಡು, ಎಲೆಗಳು ಒಂದೇ ಜಾಗದಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತ ಹರಡಿವೆಯಾ? ಹೌದಾದರೆ ಎಣಿಸು. ಮೂರು, ಬಿದ್ದ ಹಸಿ ಎಲೆ ಸಿಕ್ಕರೆ ತೊಟ್ಟು ಮುರಿದು ನೋಡು, ಹಾಲು ಬರುತ್ತದಾ? ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡ, ಕೈ ತೊಳೆ.

ಉತ್ತರ ನನಗೆ ಗೊತ್ತುಂಟು. ಆದರೆ ಈಗಲೇ ಹೇಳುವುದಿಲ್ಲ.

ಶಿರ್ವದ_ಮೊಗ್ಗು
ಅಕ್ಟೋಬರ್ 8, ರಾತ್ರಿ 9:45

ಪರಿಮಳದ ಮಾತು ಬಂತಲ್ಲ, ನಮ್ಮದು ಶಂಕರಪುರ ಮಲ್ಲಿಗೆಯ ಊರು. ನಾನು ಉಡುಪಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ನವರಾತ್ರಿ ರಜೆಗೆ ಮನೆಗೆ ಬಂದಿದ್ದೇನೆ ಅಂತ ಹೆಸರು, ರಜೆ ಎಲ್ಲ ಮೊಗ್ಗು ಕೊಯ್ಯುವುದರಲ್ಲೇ ಹೋಯಿತು. ಬೆಳಗ್ಗೆ ಬೇಗ ಕೊಯ್ಯಬೇಕು, ಕಟ್ಟಿ ಮುಗಿಸಬೇಕು, ಹೂ ಕೊಳ್ಳುವ ಕಟ್ಟೆಯವರು ತಗೊಂಡು ಹೋಗುವ ಹೊತ್ತಿಗೆ ತಯಾರಿರಬೇಕು. ಕಟ್ಟುವುದು ನೂಲಿನಲ್ಲಿ ಅಲ್ಲ, ಬಾಳೆ ನಾರಿನಲ್ಲಿ.

ಚಿಕ್ಕಂದಿನಿಂದ "ಇವತ್ತು ಅಟ್ಟೆಗೆ ಎಷ್ಟಂತೆ?" ಅಂತ ಕೇಳಿ ಬೆಳೆದವಳು ನಾನು. ಅಟ್ಟೆ ಅಂದರೆ ಎಷ್ಟು ಹೂ ಅಂತ ಯಾವತ್ತೂ ಯೋಚಿಸಿರಲಿಲ್ಲ. ಈ ಸಲ ಅಜ್ಜಿಯನ್ನು ಕೇಳಿದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3200. ಅಜ್ಜಿಗೆ ಎಣಿಸುವ ಕೆಲಸವೇ ಇಲ್ಲ. ಬೆರಳು ತಾನಾಗಿ ನಿಲ್ಲುತ್ತದೆ. ನಂಬಿಕೆಯಾಗದೆ ಒಂದು ಚೆಂಡು ತಗೊಂಡು ಎಣಿಸಲು ಕೂತೆ. ಮುನ್ನೂರರ ಹತ್ತಿರ ಬಂದಾಗ ಅಮ್ಮ "ಮೊಗ್ಗು ಬಾಡ್ತದೆ, ಎಂತ ಹುಚ್ಚು ನಿನಗೆ" ಅಂತ ಕಿತ್ತುಕೊಂಡರು. ಹಾಗಾಗಿ ಅಜ್ಜಿಯ ಲೆಕ್ಕ ಸರಿಯೇ ಅಂತ ಒಪ್ಪಿಕೊಂಡಿದ್ದೇನೆ.

ಮಧ್ಯಾಹ್ನ ಕೈ ತೊಳೆದು ಸ್ಟ್ಯಾಟಿಸ್ಟಿಕ್ಸ್ ಅಸೈನ್‌ಮೆಂಟ್ ಬರೆದೆ. ಕಾಗದವೆಲ್ಲ ಮಲ್ಲಿಗೆ ವಾಸನೆ. ಲೆಕ್ಚರರ್ ಏನು ಅಂದುಕೊಳ್ಳುತ್ತಾರೋ.

ಕುಡ್ಲದ_ಬೂತಾಯಿ
ಅಕ್ಟೋಬರ್ 8, ರಾತ್ರಿ 9:52

ಇಂಟರ್ನಲ್ಸ್‌ಗೆ ಇಪ್ಪತ್ತಕ್ಕೆ ಇಪ್ಪತ್ತು.

ಬಯಲುಸೀಮೆ_ಹುಡುಗ
ಅಕ್ಟೋಬರ್ 9, ಸಂಜೆ 5:30

ಅಕ್ಕಾ, ಹೋಗಿ ಬಂದೆ. ಮರ ಉಂಟು (ನೋಡಿ, ನನಗೂ "ಉಂಟು" ಬಂತು). ದಿನಾ ಅದರ ಕೆಳಗೇ ನಡೆಯುತ್ತಿದ್ದೆ, ಒಮ್ಮೆಯೂ ಮೇಲೆ ನೋಡಿರಲಿಲ್ಲ. ಬೂದು ಬಣ್ಣದ ಕಾಂಡ. ಕೊಂಬೆ ನೀವು ಹೇಳಿದ ಹಾಗೇ ಅಂತಸ್ತು ಅಂತಸ್ತು. ಗಾಳಿಗೆ ಮುರಿದು ಬಿದ್ದ ಒಂದು ಸಣ್ಣ ರೆಂಬೆ ಸಿಕ್ಕಿತು. ಎಲೆ ಎಣಿಸಿದೆ: ಒಂದರಲ್ಲಿ ಏಳು, ಇನ್ನೊಂದರಲ್ಲಿ ಆರು. ಮೇಲ್ಮೈ ಹೊಳೆಯುತ್ತದೆ, ಹಿಂಬದಿ ಮಂಕು. ಮುರಿದರೆ ಬಿಳಿ ಹಾಲು ಬಂತು, ಅಂಟು ಅಂಟು. ರೆಂಬೆ ತುದಿಯಲ್ಲಿ ಹಸಿರು ಬಿಳುಪಿನ ಪುಟ್ಟ ಪುಟ್ಟ ಹೂಗಳ ಗೊಂಚಲು. ಮೂಸಿ ನೋಡಿದೆ. ಹಗಲಿನಲ್ಲಿ ಅಷ್ಟೇನೂ ಇಲ್ಲ, ಆದರೆ ಅದೇ ಪರಿಮಳ. ಸಿಕ್ಕಿಬಿತ್ತು! ಹೆಸರು ಹೇಳಿ ಈಗ.

ಬಾಟನಿ_ಅಕ್ಕ
ಅಕ್ಟೋಬರ್ 9, ರಾತ್ರಿ 8:10

ಹಾಲೆ ಮರ. ಸಂಸ್ಕೃತದಲ್ಲಿ ಸಪ್ತಪರ್ಣಿ. ಏಳೇ ಎಲೆ ಇರಬೇಕು ಅಂತಿಲ್ಲ, ಆರು, ಐದು ಇರುವುದೂ ಉಂಟು. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಹೂ ಬಿಡುತ್ತದೆ, ಕತ್ತಲಾದ ಮೇಲೆ ಪರಿಮಳ ಜೋರು. ಹಳೆಯ ಸಂಸ್ಕೃತ ಕವಿಗಳು ಶರದೃತು ವರ್ಣಿಸುವಾಗ ಈ ಹೂವನ್ನು ಬಿಡುವುದಿಲ್ಲ. ಇಲ್ಲಿ ಎಲೆ ಕೆಂಪಾಗಿ ಉದುರುವ ಕಾಲ ಅಂತ ಒಂದಿಲ್ಲ. ಶರತ್ಕಾಲ ಬಂದದ್ದು ನನಗೆ ಗೊತ್ತಾಗುವುದು ಮೂಗಿನಿಂದಲೇ.

ತುಳುವಿನಲ್ಲಿ ಇದಕ್ಕೆ ಪಾಲೆ ಅನ್ನುತ್ತಾರೆ. ಈಗ ನಿನ್ನ ಮೊದಲ ಬರಹಕ್ಕೆ ಹೋಗು ತಮ್ಮಾ. ಆಗಸ್ಟ್‌ನಲ್ಲಿ ನಿಮ್ಮ ಆಂಟಿ ಖಾಲಿ ಹೊಟ್ಟೆಗೆ ಕುಡಿಸಿದ ಕಷಾಯ ಯಾವುದರದ್ದು ಅಂದುಕೊಂಡೆ?

ಬಯಲುಸೀಮೆ_ಹುಡುಗ
ಅಕ್ಟೋಬರ್ 9, ರಾತ್ರಿ 8:14

ಇಲ್ಲ.

ಬಾಟನಿ_ಅಕ್ಕ
ಅಕ್ಟೋಬರ್ 9, ರಾತ್ರಿ 8:16

ಹೌದು. ಆಟಿ ಅಂದರೆ ತುಳುವರ ಮಳೆಗಾಲದ ಒಂದು ತಿಂಗಳು, ಅದರ ಅಮಾವಾಸ್ಯೆಯ ಕಷಾಯ. ಇದೇ ಮರದ ತೊಗಟೆ.

ಬಯಲುಸೀಮೆ_ಹುಡುಗ
ಅಕ್ಟೋಬರ್ 9, ರಾತ್ರಿ 9:40

ಈಗಷ್ಟೇ ಆಂಟಿಯನ್ನು ಕೇಳಿದೆ. ಹತ್ತು ನಿಮಿಷ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಪೂರ್ತಿ ಹೇಳಿದರು. ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮುಂಚೆ ಅವರ ತಮ್ಮ ಹೋಗಿ ತರುವುದಂತೆ. ಕತ್ತಿ, ಚಾಕು ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿಯೇ ತೊಗಟೆ ಎಬ್ಬಿಸಬೇಕು. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ಹಿಂಡುತ್ತಾರೆ. ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಆ ರಸಕ್ಕೆ ಹಾಕುತ್ತಾರೆ. ಚೊಂಯ್ ಅನ್ನುತ್ತದಂತೆ, ಅದೇ ಒಗ್ಗರಣೆ. ಕುಡಿದ ಮೇಲೆ ಮೈಗೆ ಉಷ್ಣ ಅಂತ ಮೆಂತೆ ಗಂಜಿ. ಹೌದು, ಅವತ್ತು ಗಂಜಿ ಕೊಟ್ಟಿದ್ದರು. ಅದು ನನ್ನ ಮುಖ ನೋಡಿ ಪಾಪ ಅನ್ನಿಸಿ ಕೊಟ್ಟದ್ದು ಅಂದುಕೊಂಡಿದ್ದೆ.

ಎರಡು ತಿಂಗಳ ಹಿಂದೆ ಬೈದುಕೊಂಡ ಮರವನ್ನೇ ಈಗ ಮೂಗು ಅರಳಿಸಿ ಹುಡುಕುತ್ತಿದ್ದೆ.

ತಲೆನೋವು
ಅಕ್ಟೋಬರ್ 9, ರಾತ್ರಿ 10:30

ನಿಮಗೆಲ್ಲ ಹೊಗಳಲು ಸುಲಭ. ನಮ್ಮ ಹಾಸ್ಟೆಲಿನ ಕಿಟಕಿಗೆ ತಾಗಿಕೊಂಡೇ ಒಂದು ಹಾಲೆ ಮರ ಇದೆ. ದೂರದಿಂದ ಬಂದರೆ ಪರಿಮಳ, ಇಡೀ ರಾತ್ರಿ ಹತ್ತಿರದಲ್ಲಿ ಮಲಗಿದರೆ ತಲೆ ಸಿಡಿಯುತ್ತದೆ. ರೂಮಿನಲ್ಲಿ ಮೂರು ಜನಕ್ಕೆ ಸೀನು. ಕಿಟಕಿ ಮುಚ್ಚಿದರೆ ಸೆಕೆ. ಇದಕ್ಕೆ ಶರತ್ಕಾಲ ಅನ್ನುತ್ತೀರಲ್ಲ, ನನ್ನ ಪ್ರಕಾರ ಇದು ಎರಡನೇ ಬೇಸಿಗೆ.

ಬಾಟನಿ_ಅಕ್ಕ
ಅಕ್ಟೋಬರ್ 9, ರಾತ್ರಿ 10:41

ಒಪ್ಪಿದೆ. ಹತ್ತಿರದಲ್ಲಿ ಇದ್ದರೆ ಹಲವರಿಗೆ ಆಗುವುದಿಲ್ಲ. ಕೇರಳದ ಕಡೆ ಇದರಲ್ಲಿ ಯಕ್ಷಿ ಇರುತ್ತಾಳೆ ಅನ್ನುತ್ತಾರೆ. ನಿಮ್ಮ ಕಿಟಕಿಯ ಹತ್ತಿರ ಇರುವವಳು ಸ್ವಲ್ಪ ಜಾಸ್ತಿ ಸೆಂಟ್ ಹಾಕುತ್ತಾಳೆ ಅಂತ ಕಾಣುತ್ತದೆ.

ವಿದ್ಯಾರ್ಥಿಗಳಿಗಾಗಿ ಇನ್ನೊಂದು ಮಾತು. ಇದರ ವೈಜ್ಞಾನಿಕ ಹೆಸರು ಆಲ್‌ಸ್ಟೋನಿಯಾ ಸ್ಕೊಲಾರಿಸ್. ಆಲ್‌ಸ್ಟನ್ ಎಂಬುವರು ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಸ್ಕೊಲಾರಿಸ್ ಅಂದರೆ ಶಾಲೆಗೆ ಸಂಬಂಧಪಟ್ಟದ್ದು. ಇದರ ಹಗುರ ಮರದಿಂದ ಹಿಂದೆ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು, ಅದಕ್ಕೆ ಈ ಹೆಸರು. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಪದವಿ ಪಡೆದವರಿಗೆ ಹಿಂದೆ ಇದೇ ಸಪ್ತಪರ್ಣಿಯ ಎಲೆ ಕೊಡುವ ಪದ್ಧತಿ ಇತ್ತು.

ಬಯಲುಸೀಮೆ_ಹುಡುಗ
ಅಕ್ಟೋಬರ್ 9, ರಾತ್ರಿ 10:55

ನನಗೆ ಎಲೆ ಈಗಾಗಲೇ ಸಿಕ್ಕಿದೆ. ಕಾಸ್ಟಿಂಗ್ ಪುಸ್ತಕದ ನಡುವೆ ಇಟ್ಟಿದ್ದೇನೆ. ಪದವಿ ಸಿಗುತ್ತದಾ ನೋಡಬೇಕು.

ಬಲ್ಮಠದ_ಮೇಷ್ಟ್ರು
ಅಕ್ಟೋಬರ್ 10, ಬೆಳಗ್ಗೆ 8:00

ಕದ್ರಿಯಲ್ಲೇ ಇದ್ದೀರಿ ಅಂದರೆ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿ ಬನ್ನಿ. ಮೂರು ಮುಖ, ಆರು ಕೈ. ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನ ಇದೆ, ಕ್ರಿ.ಶ. 968ರದ್ದು. ಈ ವರ್ಷ ಮಾತ್ರ ನಿಜವಾದದ್ದು, ಹಂಚಿನ ಹಾಗಲ್ಲ.

ಹಂಚಿನಮನೆ
ಅಕ್ಟೋಬರ್ 10, ಬೆಳಗ್ಗೆ 8:12

ಸರ್!!

ಕಲ್ಲೇಟು
ಅಕ್ಟೋಬರ್ 10, ರಾತ್ರಿ 7:35

ನೀವು ಎಲೆ ಎಣಿಸಿದಿರಿ, ಅವರು ಮೊಗ್ಗು ಎಣಿಸಿದರು. ನಾನು ಕಲ್ಲು ಎಣಿಸಿದವಳು. ಜಿಯಾಲಜಿ ಓದುತ್ತಿದ್ದೇನೆ. ಮಳೆಗಾಲದಲ್ಲಿ ನಿಂತಿದ್ದ ಸೈಂಟ್ ಮೇರಿಸ್ ದ್ವೀಪದ ದೋಣಿ ಮತ್ತೆ ಶುರುವಾಯಿತು ಅಂತ ಗೊತ್ತಾದದ್ದೇ ಮಲ್ಪೆಗೆ ಓಡಿದೆವು. ಎಲ್ಲರೂ ಫೋಟೋ ತೆಗೆಯುವ ಕಂಬದ ಕಲ್ಲುಗಳು ಉಂಟಲ್ಲ, ಅವುಗಳ ಮೇಲೆ ಕೂತು ಮುಖ ಎಣಿಸಿದೆ. ಐದು, ಆರು, ಆರು, ಏಳು, ಆರು. ಆರರದ್ದೇ ಜಾಸ್ತಿ. ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟದ್ದು ಅದು. ಕೆರೆ ಒಣಗಿದಾಗ ಕೆಸರು ಬಿರಿಯುವುದಿಲ್ವಾ, ಹೆಚ್ಚುಕಡಿಮೆ ಹಾಗೆ. ಅದು ಮೇಲ್ಮೈಯಲ್ಲೇ ನಿಲ್ಲುತ್ತದೆ, ಇದು ಒಳಗೆ ಇಳಿಯುತ್ತಾ ಹೋಗಿ ಕಂಬವಾಯಿತು.

ಆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲ. ಗೆಳತಿ ಒಬ್ಬಳು ಕಲ್ಲಿನ ಮೇಲೆ ಕೂತು ಚುರುಮುರಿ ತಿನ್ನುತ್ತಾ, "ಹಾಗಾದರೆ ಆ ಕಡೆಯ ತುಂಡು ಅಲ್ಲಿ ಉಂಟಾ?" ಅಂತ ಕೇಳಿದಳು. ಅದೇ ಕಾಲದ ಲಾವಾ ಕಲ್ಲು ಮಡಗಾಸ್ಕರ್‌ನಲ್ಲೂ ಉಂಟು. ಅವಳು ಪಡುವಣ ದಿಕ್ಕಿಗೆ ಒಮ್ಮೆ ಕೈ ಬೀಸಿದಳು. ಆಮೇಲೆ ಚುರುಮುರಿ ಮುಂದುವರಿಯಿತು.

ಪಡುಬಿದ್ರೆ_ಪೋರ
ಅಕ್ಟೋಬರ್ 10, ರಾತ್ರಿ 11:50

ಕಡಲಿನ ಮಾತಾದರೆ ನನ್ನದು 2020ರ ನವೆಂಬರ್. ಆಗ ಪಿಯುಸಿ, ಕ್ಲಾಸೆಲ್ಲ ಫೋನಿನಲ್ಲಿ. ರಾತ್ರಿ ಚಿಕ್ಕಪ್ಪನ ಜೊತೆ ಬೀಚಿಗೆ ಹೋದಾಗ ತೆರೆ ಒಡೆಯುವ ಕಡೆಯೆಲ್ಲ ನೀಲಿ ಬೆಳಕು. ಮೊದಲು ಯಾರೋ ಟಾರ್ಚ್ ಬಿಡುತ್ತಿದ್ದಾರೆ ಅಂದುಕೊಂಡೆವು. ನೀರಿಗೆ ಕೈ ಹಾಕಿ ಅಲ್ಲಾಡಿಸಿದರೆ ಬೆರಳುಗಳ ಸುತ್ತ ನೀಲಿ. ಒದ್ದೆ ಮರಳಿನಲ್ಲಿ ಹೆಜ್ಜೆ ಇಟ್ಟರೆ ಕಾಲಿನಡಿ ಮಿಂಚಿ ಆರುತ್ತಿತ್ತು. ಮಲ್ಪೆ, ಮಟ್ಟು ಕಡೆಯೂ ಆ ಹೊತ್ತಿಗೆ ಕಂಡಿತ್ತು, ಜನ ಕಾರು ಮಾಡಿಕೊಂಡು ಬಂದಿದ್ದರು.

ನಾಕ್ಟಿಲುಕಾ ಅಂತ ಒಂದೇ ಕೋಶದ ಜೀವಿ. ನೀರು ಅಲ್ಲಾಡಿದಾಗ ಒಳಗಿನ ರಾಸಾಯನಿಕ ಕ್ರಿಯೆಯಿಂದ ಬೆಳಗುತ್ತದೆ. ಅದು ವಿಪರೀತ ಹೆಚ್ಚಾದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳಿಗೆ ತೊಂದರೆ. ಅದಕ್ಕೇ ಚಿಕ್ಕಪ್ಪ, ಮೀನಿಗೆ ಹೋಗುವವರು, ಅಷ್ಟೇನೂ ಖುಷಿಪಡಲಿಲ್ಲ. "ಚಂದ ಉಂಟು, ಬಲೆಗೆ ಎಂತ ಬೀಳ್ತದೆ ನಾಳೆ?" ಅಂದರು. ಆಮೇಲಿನ ವರ್ಷಗಳಲ್ಲಿ ನನಗೆ ಅಷ್ಟು ಜೋರಾಗಿ ಕಂಡಿಲ್ಲ. ಆದರೂ ನವೆಂಬರ್ ಬಂತೆಂದರೆ ಒಂದೆರಡು ರಾತ್ರಿ ಹೋಗಿ ನೀರು ಕಲಕಿ ಬರುತ್ತೇನೆ.

ಕುಡ್ಲದ_ಬೂತಾಯಿ
ಅಕ್ಟೋಬರ್ 13, ಬೆಳಗ್ಗೆ 11:20

ದಸರಾ ಮೆರವಣಿಗೆ ಮುಗಿಸಿ ಈಗ ಎದ್ದೆ. ಕಿವಿಯಲ್ಲಿ ಇನ್ನೂ ತಾಸೆ ವಾದ್ಯದ ಸದ್ದು.

ನಮ್ಮ ಕ್ಲಾಸಿನವನೊಬ್ಬ ಈ ಸಲ ಹುಲಿವೇಷ ಹಾಕಿದ್ದ. ಯಾವತ್ತೂ ಹಿಂದಿನ ಬೆಂಚಿನಲ್ಲಿ ಕೂತು, ಹಾಜರಿ ಕೂಗಿದರೆ "ಎಸ್ ಸರ್" ಅನ್ನುವುದಕ್ಕೂ ನಾಚುವವನು. ಬಣ್ಣ ಹಾಕುವಲ್ಲಿಗೆ ನಾವು ಹೋಗಿದ್ದೆವು. ಗಂಟೆಗಟ್ಟಲೆ ನಿಂತೇ ಇರಬೇಕು. ಬಣ್ಣ ಒಣಗುವವರೆಗೆ ಕೂರುವ ಹಾಗಿಲ್ಲ, ಮೈಗೆ ಮೈ ತಾಗಿಸುವ ಹಾಗಿಲ್ಲ. ಎರಡೂ ಕೈಯಲ್ಲಿ ಕೋಲು ಹಿಡಿದು ಅದಕ್ಕೇ ಭಾರ ಕೊಟ್ಟು ನಿಂತಿದ್ದ. ಮೂಗು ತುರಿಸುತ್ತದೆ ಅಂದ. ನಾನು ಬೆಂಕಿಕಡ್ಡಿಯಲ್ಲಿ ತುರಿಸಿ ಕೊಟ್ಟೆ. ಹುಲಿಯ ಮೂಗು ತುರಿಸಿದವ ಅಂತ ನನ್ನ ಹೆಸರು ಕಾಲೇಜಿನಲ್ಲಿ ಓಡುತ್ತಿದೆ.

ಆಮೇಲೆ ತಾಸೆ ಬಿತ್ತು. ಅವನೇನಾ ಇವನು? ಹಲ್ಲಿನಲ್ಲಿ ಕಚ್ಚಿ ಅಕ್ಕಿಮುಡಿ ಎತ್ತಿ ಹಿಂದಕ್ಕೆ ಎಸೆದ! ಮುಡಿ ಅಂದರೆ ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಯ ಉಂಡೆ, ನಲವತ್ತು ಕಿಲೋ ಆಸುಪಾಸು. ಸೋಮವಾರ ಕ್ಲಾಸಿನಲ್ಲಿ ಅವನು ಮತ್ತೆ ಮೆಲ್ಲಗೆ "ಎಸ್ ಸರ್" ಅನ್ನುತ್ತಾನೆ, ನೋಡುತ್ತಿರಿ. ಕಿವಿಯ ಹಿಂದೆ ಹಳದಿ ಬಣ್ಣ ವಾರಗಟ್ಟಲೆ ಇರುತ್ತದೆ. ತೆಂಗಿನೆಣ್ಣೆಗೂ ಬಗ್ಗುವುದಿಲ್ಲ ಅದು.

ಬಯಲುಸೀಮೆ_ಹುಡುಗ
ಅಕ್ಟೋಬರ್ 13, ಮಧ್ಯಾಹ್ನ 12:40

ನಾನೂ ಅಲ್ಲೇ ಇದ್ದೆ. ಕುದ್ರೋಳಿಯಿಂದ ಬಂದ ಮೆರವಣಿಗೆ ನೋಡುತ್ತಾ ಬೆಳಗಿನ ಜಾವದವರೆಗೆ ನಿಂತಿದ್ದೆ. ಈಗ ಬೆಂಚಿನ ಮೇಲೆ ಬೆರಳು ತಾನಾಗಿ ತಾಸೆ ಬಾರಿಸುತ್ತದೆ. ಪಕ್ಕದವನೂ ಬಾರಿಸುತ್ತಾನೆ. ಟ್ಯಾಕ್ಸ್ ಕ್ಲಾಸಿನಲ್ಲಿ ಬೈಗುಳ ಖಾತ್ರಿ.

ಫುಟ್‌ಬೋರ್ಡ್
ನವೆಂಬರ್ 2, ರಾತ್ರಿ 9:15

ಈ ಚರ್ಚೆ ಇನ್ನೂ ಬದುಕಿದೆಯಾ? ದೀಪಾವಳಿಯ ಶುಭಾಶಯ ಎಲ್ಲರಿಗೂ.

ನಮ್ಮ ಹಾಸ್ಟೆಲಿನಲ್ಲಿ ಊರಿಗೆ ಹೋಗದೆ ಉಳಿದ ಆರು ಹುಡುಗಿಯರು ಸೇರಿ ಗೂಡುದೀಪ ಮಾಡಿದೆವು. ಬಿದಿರಿನ ಕಡ್ಡಿ ಸಿಗಲಿಲ್ಲ. ಮಳೆಗಾಲದಲ್ಲಿ ಮುರಿದ ಕೊಡೆಗಳು ಮೆಟ್ಟಿಲ ಕೆಳಗೆ ರಾಶಿ ಬಿದ್ದಿದ್ದವು. ಅವುಗಳ ಕಡ್ಡಿ ಬಿಚ್ಚಿ, ನೂಲಿನಲ್ಲಿ ಕಟ್ಟಿ, ಬಣ್ಣದ ಕಾಗದ ಅಂಟಿಸಿದೆವು. ಒಂದು ಬದಿ ಸೊಟ್ಟ. ಮೈದಾಹಿಟ್ಟಿನ ಅಂಟಿಗೆ ಇರುವೆ ಬಂತು. ಆದರೂ ಟೆರೇಸಿನಲ್ಲಿ ನೇತುಹಾಕಿ ಬಲ್ಬ್ ಹಚ್ಚಿದಾಗ ಎದುರಿನ ಮನೆಯ ಅಜ್ಜ ಹೊರಗೆ ಬಂದು ನೋಡಿದರು. "ಕೊಡೆಯದ್ದಾ?" ಅಂತ ಕೇಳಿದರು. ಅಷ್ಟು ದೂರದಿಂದ ಹೇಗೆ ಗೊತ್ತಾಯಿತೋ. ಆಮೇಲೆ ಒಂದು ತಟ್ಟೆ ಅವಲಕ್ಕಿ ಬೆಲ್ಲ ಕಳುಹಿಸಿದರು.

ಶಿರ್ವದ_ಮೊಗ್ಗು
ನವೆಂಬರ್ 3, ಬೆಳಗ್ಗೆ 7:10

ನಮ್ಮಲ್ಲಿ ನಿನ್ನೆ ಗದ್ದೆಯಲ್ಲಿ ದೀಪ ಇಟ್ಟು ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ಕರೆದೆವು. ಒಂದು ಗದ್ದೆಯಿಂದ "ಕೂ" ಅಂದರೆ ಆಚೆ ಗದ್ದೆಯಿಂದ "ಕೂ" ಅಂತ ಉತ್ತರ. ಈಗ ಅರ್ಧ ಗದ್ದೆಗಳಲ್ಲಿ ಅಡಿಕೆ, ಉಳಿದದ್ದರಲ್ಲಿ ಮನೆ. ಹಾಗಾಗಿ ಉತ್ತರ ಬರಲು ಸ್ವಲ್ಪ ತಡವಾಗುತ್ತದೆ. ಆದರೂ ಬಂತು.

ತಲೆನೋವು
ನವೆಂಬರ್ 14, ರಾತ್ರಿ 10:05

ನಾನು ಬರೀ ದೂರುವವನು ಅಂದುಕೊಳ್ಳಬೇಡಿ. ನಿನ್ನೆ ಉಡುಪಿಗೆ ಲಕ್ಷದೀಪೋತ್ಸವಕ್ಕೆ ಹೋಗಿದ್ದೆ. ರಥಬೀದಿಯ ಸುತ್ತ ಹಣತೆ ಹಚ್ಚಲು ಜನ ಸಾಲದು ಅಂತ ಯಾರೋ ನನ್ನ ಕೈಗೂ ಎಣ್ಣೆ ಪಾತ್ರೆ ಕೊಟ್ಟರು. ಗಾಳಿಗೆ ಒಂದು ಆರಿದರೆ ಪಕ್ಕದ್ದರಿಂದ ಹಚ್ಚು, ಅಷ್ಟರಲ್ಲಿ ಹಿಂದಿನದ್ದು ಆರಿತು. ಪಕ್ಕದಲ್ಲಿದ್ದ ಅಜ್ಜಿ ಒಬ್ಬರು ಹೇಳಿದರು: ಮಳೆಗಾಲದ ನಾಲ್ಕು ತಿಂಗಳು ಉತ್ಸವಮೂರ್ತಿ ಹೊರಗೆ ಬರುವುದೇ ಇಲ್ಲ, ಅದಕ್ಕೇ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ತೇರಿನಲ್ಲಿ ಮಣ್ಣಿನ ಕೃಷ್ಣನನ್ನು ಕೂರಿಸುವುದು. ಉತ್ಥಾನ ದ್ವಾದಶಿಗೆ ಮತ್ತೆ ಹೊರಗೆ. ಮೂರು ವರ್ಷದಿಂದ ವಿಟ್ಲಪಿಂಡಿ ನೋಡುತ್ತಿದ್ದೇನೆ, ಒಮ್ಮೆಯೂ ಇದು ಗೊತ್ತಿರಲಿಲ್ಲ.

ಅಂದ ಹಾಗೆ, ನಮ್ಮ ಕಿಟಕಿಯ ಮರದ ಹೂ ಮುಗಿಯುತ್ತಾ ಬಂತು. ಸೀನು ನಿಂತಿದೆ. ಕಿಟಕಿ ತೆರೆದರೆ ಏನೋ ಕಡಿಮೆಯಾದ ಹಾಗೆ. ಇದನ್ನು ರೂಮಿನವರಿಗೆ ಹೇಳಿಲ್ಲ.

ಬಯಲುಸೀಮೆ_ಹುಡುಗ
ನವೆಂಬರ್ 15, ರಾತ್ರಿ 10:20

ಇಲ್ಲೂ ಮುಗಿಯಿತು. ನಿನ್ನೆ ತಿರುವಿನಲ್ಲಿ ನಿಂತರೆ ಬರೀ ಡಾಂಬರಿನ ವಾಸನೆ. ರಸ್ತೆಯ ಮೇಲೆ ಒಣಗಿದ ಪುಟ್ಟ ಹೂಗಳು, ಚಪ್ಪಲಿಯ ಕೆಳಗೆ ಅಕ್ಕಿನುಚ್ಚಿನ ಹಾಗೆ.

ದೀಪಾವಳಿಗೆ ಊರಿಗೆ ಹೋದಾಗ ಪುಸ್ತಕದೊಳಗಿನ ಎಲೆ ಅಮ್ಮನಿಗೆ ತೋರಿಸಿದ್ದೆ. ಏಳು ಎಲೆಯಲ್ಲಿ ಒಂದು ಬಸ್ಸಿನಲ್ಲಿ ಮುರಿದಿತ್ತು. "ಇದರದ್ದೇ ಕಷಾಯ ಕುಡಿಸಿದ್ದು" ಅಂದೆ. ಅಮ್ಮ ಎಲೆ ಮೂಸಿ ನೋಡಿ, "ಆ ಪುಣ್ಯಾತ್ಗಿತ್ತಿ ನಂಬರ್ ಕೊಡು" ಅಂದರು. ಈಗ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ನಾನು ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೇನೆ ಅನ್ನುವುದೂ ಊರಿಗೆ ವರದಿಯಾಗುತ್ತದೆ. ಪರಿಮಳ ಹುಡುಕಲು ಹೋಗಿ ಆದ ನಷ್ಟ ಇದು.

ಇನ್ನೊಂದು ಸುದ್ದಿ. ಆಂಟಿಯ ತಮ್ಮನಿಗೆ ಮೊಣಕಾಲು ನೋವು. ಮುಂದಿನ ಆಟಿಗೆ ತೊಗಟೆ ತರುವುದು ನಾನೇ ಅಂತ ತೀರ್ಮಾನವಾಗಿದೆ. ನನ್ನನ್ನು ಯಾರೂ ಕೇಳಲಿಲ್ಲ.

ಬಾಟನಿ_ಅಕ್ಕ
ನವೆಂಬರ್ 15, ರಾತ್ರಿ 10:38

ಒಬ್ಬನೇ ಮಾತ್ರ ಹೋಗಬೇಡ. ಆ ಹೊತ್ತಿಗೆ ಹೂ ಇರುವುದಿಲ್ಲ, ಕತ್ತಲೆ ಬೇರೆ. ಕಾಸರಕದ ಮರದ ತೊಗಟೆ ತಂದರೆ ಅದು ವಿಷ, ತಮಾಷೆ ಅಲ್ಲ. ಆಂಟಿಯ ತಮ್ಮನನ್ನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗು. ಮರದ ಗುರುತು ಅವರು ಹೇಳಲಿ, ಜಜ್ಜುವುದು ನೀನು. ಹಿಂದಿನ ದಿನ ಹಗಲಿನಲ್ಲೇ ಒಮ್ಮೆ ಹೋಗಿ ನೋಡಿಕೊಂಡು ಬಾ.

ಕುಡ್ಲದ_ಬೂತಾಯಿ
ನವೆಂಬರ್ 15, ರಾತ್ರಿ 10:41

ಚಾಕು ತಗೊಂಡು ಹೋಗಬೇಡ ಮಾರಾಯ. ಕಲ್ಲು.